ಅಂಗೈ ಮೇಲಿನ ಅಂಕಿ

ಆಗಸ್ಟ್ 4, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗೋಡೆ ಗಡಿಯಾರಕ್ಕೆ ಸೆಲ್ ಹಾಕಲು ಸ್ಟೂಲು ಹತ್ತಿದ್ದು ನಾನು, ಬಿದ್ದಿದ್ದು ನಾನು, ಅಕ್ಕನ ಹತ್ತಿರ ಬೈಸಿಕೊಂಡಿದ್ದೂ ನಾನು. ಬಲ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರ್. ನನ್ನ ಅಕ್ಷರ ನೋಡಿ ಅಕ್ಕ "ಕಾಗೆ ಕಾಲು, ಗುಬ್ಬಿ ಕಾಲು" ಅಂದಳು. ಗಡಿಯಾರ ಇನ್ನೂ ನಿಂತೇ ಇದೆ.

ಆಗಸ್ಟ್ 6, ಬುಧವಾರ

ಮುಖ್ಯಸ್ಥರು ಕರೆಸಿದ್ದರು. ನಮ್ಮ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಕೂರಿಸಿ ಟೀ ತರಿಸಿದರೆ ಏನನ್ನೋ ತಲೆಗೆ ಕಟ್ಟುವವರಿದ್ದಾರೆ ಎಂದೇ ಅರ್ಥ. ಟೀ ಬಂತು, ಬಿಸ್ಕತ್ತೂ ಬಂತು.

ಕಾಲೇಜಿನ ಸಮಿತಿಗೆ ಒಂದು ವರದಿ ಬೇಕಂತೆ. ದೊಡ್ಡ ಕ್ಯಾಂಪಸ್ಸಿನ ಕೊನೆಯ ವರ್ಷದವರಿಗೂ ಊರಾಚೆಯ ಕ್ಯಾಂಪಸ್ಸಿನ ಕೊನೆಯ ವರ್ಷದವರಿಗೂ ಒಂದೇ ಪ್ರಯೋಗ ಕೊಟ್ಟು, ಯಾರ ಕೈ ಹೇಗಿದೆ ಎಂದು ಬರೆದುಕೊಡಬೇಕು. ಆ ಕಡೆಯವರು ತೀರಾ ಹಿಂದಿದ್ದರೆ ಅಲ್ಲಿನ ಲ್ಯಾಬ್ ಮುಚ್ಚಿ ಎಲ್ಲರನ್ನೂ ಇಲ್ಲಿಗೆ ಸೇರಿಸುತ್ತಾರೆ. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿಯ ಅರ್ಧಕ್ಕರ್ಧ ಜನ ಬೆಳಿಗ್ಗೆ ಎಲ್ಲೋ ದುಡಿದು ಮಧ್ಯಾಹ್ನ ಕ್ಲಾಸಿಗೆ ಬರುವವರು. ಬರಲಾಗದವರು ಓದು ಬಿಡುತ್ತಾರೆ, ಅಷ್ಟೆ.

ಪ್ಲಾಸ್ಟರ್ ಬಿಚ್ಚುವ ತನಕ ನಾನು ಅಲ್ಲಿಗೇ ಹೋಗಿ ಪಾಠ ಮಾಡುತ್ತಾ ಅವರನ್ನು ನೋಡಬೇಕಂತೆ. ಕೈ ಮುರಿದವಳಿಗೆ ಕಾಲಿಗೆ ಕೆಲಸ ಕೊಟ್ಟರು. ನಮ್ಮ ಮಕ್ಕಳನ್ನು ಬಿಟ್ಟು ಹೋಗುವುದೇ ಬೇಸರ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ಆ ಕಡೆ ತಲೆ ಹಾಕಿದವಳಲ್ಲ.

ಆಗಸ್ಟ್ 11, ಸೋಮವಾರ

ಅದನ್ನು ಎಲ್ಲರೂ ಗೋಡೌನ್ ಎನ್ನುವುದು ಸುಮ್ಮನೆ ಅಲ್ಲ. ಹಿಂದೆ ಬಟ್ಟೆಯ ಮೂಟೆ ಇಡುತ್ತಿದ್ದ ಕಟ್ಟಡ. ಬಾಗಿಲು ಲಾರಿ ನುಗ್ಗುವಷ್ಟು ಅಗಲ. ಗೋಡೆಯ ಮೇಲೆ "ಮೂಟೆಗೆ ಒರಗಬೇಡಿ" ಎನ್ನುವ ಮಾಸಿದ ಅಕ್ಷರ. ಅದರ ಕೆಳಗೇ ಲ್ಯಾಬಿನ ಬೆಂಚು. ಹುಡುಗರು ಒರಗಿಕೊಂಡೇ ನಿಂತಿರುತ್ತಾರೆ.

ಮೂವತ್ತನಾಲ್ಕು ಜನ, ಹನ್ನೊಂದು ಬ್ಯುರೆಟ್. ನಮ್ಮ ಮಕ್ಕಳಿಗೆ ತಲೆಗೊಂದು ಬ್ಯುರೆಟ್, ತಲೆಗೊಂದು ನಲ್ಲಿ, ಪಕ್ಕದವರ ಅಂಕಿ ಕಾಣದ ಹಾಗೆ ನಡುವೆ ಮರದ ಹಲಗೆ. ಇಲ್ಲಿ ಮೂವರಿಗೆ ಒಂದು, ಒಂದು ಕಡೆ ನಾಲ್ವರಿಗೆ. ಆ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು, ಫ್ಲಾಸ್ಕಿನ ನೀರು ತಿಳಿಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಖರ್ಚಾಯಿತು ಎಂದು ಕೊಳವೆಯ ಮೇಲಿನ ಗೆರೆ ಓದಬೇಕು. ಓದುವಾಗಲೇ ಇವರದೊಂದು ವಿಚಿತ್ರ ಪದ್ಧತಿ. ಮೂವರೂ ಒಬ್ಬೊಬ್ಬರಾಗಿ ಬಗ್ಗಿ ಓದುತ್ತಾರೆ. ಬಾಯಿ ಬಿಡುವ ಹಾಗಿಲ್ಲ. ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡು ಮುಷ್ಟಿ ಕಟ್ಟುತ್ತಾರೆ. ಆಮೇಲೆ "ಹೂಂ" ಅಂದರೆ ಮೂವರೂ ಒಟ್ಟಿಗೆ ಅಂಗೈ ತೆರೆಯಬೇಕು. ಅಂಕಿ ಹೊಂದಿದರೆ ಪುಸ್ತಕಕ್ಕೆ, ಇಲ್ಲದಿದ್ದರೆ ಮತ್ತೆ ಮೊದಲಿಂದ. ಮೊದಲ ವರ್ಷ ಯಾರು ಓದಿದ್ದು ಸರಿ ಎಂದು ದಿನಾ ಜಗಳವಾಗುತ್ತಿತ್ತಂತೆ. ಅದಕ್ಕೆ ಇಲ್ಲಿನ ಅಟೆಂಡರಮ್ಮ ಮಾಡಿಕೊಟ್ಟ ಉಪಾಯ ಇದು. ಆಟ ಆಡುವ ಮಕ್ಕಳ ಹಾಗೆ ಕಾಣುತ್ತದೆ. ವರದಿಯಲ್ಲಿ "ಶಿಸ್ತು ಕಡಿಮೆ" ಎಂದು ಬರೆಯಬಹುದು.

ಆಗಸ್ಟ್ 14, ಗುರುವಾರ

ಹನ್ನೊಂದು ವರ್ಷ ನಾನು ಪಾಠ ಮಾಡಿದ್ದು ಕೈಯಿಂದ ಎಂದು ಇವತ್ತು ಗೊತ್ತಾಯಿತು. "ಹೀಗೆ ಹಿಡಿ" ಎಂದು ತೋರಿಸುವುದು ಅಭ್ಯಾಸ. ಈಗ ಹೀಗೆ ಎಂದರೆ ಹೇಗೆ ಎಂದು ಬಾಯಲ್ಲಿ ಹೇಳಬೇಕು. ಹೇಳಲು ಹೋದರೆ ನನಗೇ ಸರಿಯಾಗಿ ಗೊತ್ತಿಲ್ಲ. ನಲ್ಲಿಯನ್ನು ಯಾವ ಬೆರಳಿನಿಂದ ತಿರುಗಿಸುತ್ತೇನೆ ಎಂದು ಒಬ್ಬಳು ಕೇಳಿದಳು. ಯೋಚಿಸಬೇಕಾಯಿತು.

ಕೇಳಿದವಳನ್ನು ಎಲ್ಲರೂ ಬೇಕರಿ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷ. ಬೆಳಗಿನ ಜಾವ ನಾಲ್ಕಕ್ಕೆ ಬೇಕರಿಯ ಒಲೆ ಹಚ್ಚಿ, ಹನ್ನೊಂದಕ್ಕೆ ಕೆಲಸ ಮುಗಿಸಿ, ಹನ್ನೆರಡಕ್ಕೆ ಇಲ್ಲಿಗೆ ಬರುತ್ತಾಳೆ. ಮುಂಗೈ ತುಂಬಾ ಟ್ರೇ ತಾಗಿದ ಸುಟ್ಟ ಗೆರೆಗಳು. ಹೊರಡುವಾಗ ಕೇಳದೆಯೇ ನನ್ನ ಚೀಲದ ಜಿಪ್ ಎಳೆದು ಹೆಗಲಿಗೆ ಹಾಕಿದಳು. ನನಗೆ ಇದೆಲ್ಲ ಹಿಡಿಸುವುದಿಲ್ಲ. ಬೆಳಿಗ್ಗೆ ಅಕ್ಕ ತಲೆ ಬಾಚುವುದೇ ಸಾಕು, ಸ್ಕೂಲಿಗೆ ಹೊರಟ ಹುಡುಗಿಯ ಹಾಗೆ ಬಿಗಿಯಾಗಿ ಜಡೆ ಹೆಣೆದುಬಿಡುತ್ತಾಳೆ.

ಆಗಸ್ಟ್ 20, ಬುಧವಾರ

ಪರೀಕ್ಷೆಯ ದ್ರಾವಣ ಮಾಡಲು ದೊಡ್ಡ ಕ್ಯಾಂಪಸ್ಸಿಗೆ ಹೋಗಿದ್ದೆ. ಲ್ಯಾಬ್ ಸಹಾಯಕರು "ನಾನು ಮಾಡ್ತೀನಿ ಬಿಡಿ ಮೇಡಂ" ಅಂದರು. ಬೇಡವೆಂದೆ. ಪರೀಕ್ಷೆಯ ದ್ರಾವಣ ನಾನೇ ಮಾಡಬೇಕು, ಅದು ಹನ್ನೊಂದು ವರ್ಷದ ರೂಢಿ. ನನ್ನ ಗುರುಗಳು ಮಾಡುತ್ತಿದ್ದ ಅದೇ ಅಳತೆ, ಅದೇ ಕ್ಯಾನು. ಇದು ಹೋಗುವುದು ಫ್ಲಾಸ್ಕಿಗೆ. ಬ್ಯುರೆಟ್‌ನಲ್ಲಿ 24.6 ಬಂದರೆ ಸರಿಯಾದ ಉತ್ತರ.

ಬಲಗೈ ತೂರದೆ ಬಿಳಿ ಕೋಟು ಒಂದು ಹೆಗಲಿಗೆ ನೇತುಬಿತ್ತು. ತೂಕದ ಕೋಣೆಯಲ್ಲಿ ಆಮ್ಲದ ಹರಳನ್ನು 6.3 ಗ್ರಾಂನಂತೆ ತೂಗಿ ಹತ್ತು ಪೊಟ್ಟಣ ಕಟ್ಟಿದೆ. ಎಡಗೈಯಲ್ಲಿ ಕಾಗದ ಮಡಚುವುದು ಎಂದರೆ! ಒಯ್ಯಲು ಇರುವುದು ಒಂದೇ ಕೈ. ಪೊಟ್ಟಣಗಳನ್ನು ಕೋಟಿನ ಜೇಬಿಗೆ ತುಂಬಿಕೊಂಡು ಆಚೆ ಕೋಣೆಗೆ ಬಂದೆ. ಕ್ಯಾನಿನ ಹತ್ತು ಲೀಟರ್ ನೀರಿಗೆ ಒಂದೊಂದೇ ಸುರಿಯುತ್ತಿರುವಾಗ ಮುಖ್ಯಸ್ಥರ ಫೋನು, ವರದಿ ಎಷ್ಟು ಪುಟ ಇರಬೇಕು ಎಂದು. ಮಾತಾಡಿ ಬಂದು ಉಳಿದಿದ್ದನ್ನು ಸುರಿದು ಮುಗಿಸಿದೆ. ಕೋಟು ಮಡಚಿ ಬೀರುವಿನಲ್ಲಿಟ್ಟೆ. ಪ್ಲಾಸ್ಟರ್ ಬಿಚ್ಚುವ ತನಕ ಅದರ ಸಹವಾಸ ಬೇಡ.

ಯಾರ ಸಹಾಯವೂ ಇಲ್ಲದೆ ಒಂದೇ ಕೈಯಲ್ಲಿ ಮಾಡಿದೆ. ಮನಸ್ಸಿಗೆ ಹಿತವಾಯಿತು.

ಆಗಸ್ಟ್ 25, ಸೋಮವಾರ

ನಮ್ಮ ಮಕ್ಕಳ ಪರೀಕ್ಷೆ. ನಲವತ್ತು ಜನ. ಎಲ್ಲರಿಗೂ 24.5, 24.6, 24.7. ಕಣ್ಣು ತಂಪಾಯಿತು. ಪ್ರತಿ ಸಲವೂ ಮೊದಲನೆಯವನಾಗಿ ಬರುವ ನಮ್ಮ ಪದಕ (ಎರಡು ವರ್ಷವೂ ಚಿನ್ನದ ಪದಕ, ಅದಕ್ಕೇ ಆ ಹೆಸರು) ಸರಿಯಾಗಿ 24.6 ಬರೆದು, ನನ್ನ ಕೈ ಹೇಗಿದೆ ಎಂದು ವಿಚಾರಿಸಿಕೊಂಡು ಹೋದ. ಮುಖ ಯಾಕೋ ಬಾಡಿತ್ತು. ರಾತ್ರಿಯೆಲ್ಲ ಓದಿರಬೇಕು.

ಆಗಸ್ಟ್ 28, ಗುರುವಾರ

ಗೋಡೌನಿನಲ್ಲಿ ಪರೀಕ್ಷೆ. ಅದೇ ಕ್ಯಾನು, ಅದೇ ದ್ರಾವಣ. ಎಲ್ಲರಿಗೂ 22.1. ಒಬ್ಬಿಬ್ಬರಿಗೆ 22.2.

ತಪ್ಪು ಬಂದಿದ್ದಕ್ಕೆ ಬೇಸರವಿಲ್ಲ. ಮೂವತ್ತನಾಲ್ಕು ಜನರಿಗೆ ಒಂದೇ ತಪ್ಪು ಬರುವುದು ಹೇಗೆ? ಒಬ್ಬ ತಪ್ಪಿದ, ಉಳಿದವರು ಕಾಪಿ ಹೊಡೆದರು. ಅಂಗೈ ತೆರೆಯುವ ಆ ಆಟವೆಲ್ಲ ಇದಕ್ಕೇ ಇರಬೇಕು. ಎರಡೂವರೆ ವಾರ ಇವರೊಂದಿಗೆ ಬಾಯಿ ನೋಯಿಸಿಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು. ಬ್ಯುರೆಟ್ ಹಳೆಯದು, ಬಿಸಿಲು ಜಾಸ್ತಿ ಎಂದು ನೆಪ ಹೇಳುತ್ತಾರೆ ನೋಡು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಕ್ಕನಿಗೆ ಹೇಳಿದೆ. ಅವರು ನೆಪ ಹೇಳಿದರಾ ಎಂದು ಅಕ್ಕ ಕೇಳಿದಳು. ಇನ್ನೂ ಹೇಳಿಲ್ಲ.

ಸೆಪ್ಟೆಂಬರ್ 1, ಸೋಮವಾರ

ವರದಿಯ ಕರಡು ಮೂರು ಪುಟ ಆಯಿತು. ಎಡಗೈ ಈಗ ಪರವಾಗಿಲ್ಲ. "ಕೌಶಲದಲ್ಲಿ ಹಿಂದುಳಿದಿದ್ದಾರೆ, ಪ್ರಾಮಾಣಿಕತೆಯ ಬಗ್ಗೆಯೂ ಸಂದೇಹವಿದೆ, ದೊಡ್ಡ ಕ್ಯಾಂಪಸ್ಸಿಗೆ ಸೇರಿಸುವುದು ಒಳಿತು" ಎಂದು ಕೊನೆ ಮಾಡಿದೆ.

ಮಧ್ಯಾಹ್ನ ಬೇಕರಿ ಬಂದಳು. ಅಂಕ ನೋಡಿದ್ದಾಳೆ. ಒಳಗೆ ಬಂದು ಕೂರದೆ ನಿಂತೇ ಮಾತಾಡಿದಳು.

"ಮೇಡಂ, ಮೂರು ಜನ ಮೂರು ಸಲ ಮಾಡಿದ್ವಿ. ಮೂರು ಸಲಾನೂ ಅಂಗೈ ತೆರೆದಾಗ ಒಂದೇ ಇತ್ತು. ಬೇರೆ ಅಂಕಿ ಎಲ್ಲಿಂದ ತರೋಣ?"

ಉತ್ತರ 24.6 ಬರಬೇಕಿತ್ತು, ದೊಡ್ಡ ಕ್ಯಾಂಪಸ್ಸಿನ ನಲವತ್ತು ಜನರಿಗೂ ಅದೇ ಬಂದಿದೆ ಎಂದೆ.

"ಇಷ್ಟೇ ಬರಬೇಕು ಅಂತ ಮೊದಲೇ ಗೊತ್ತಿದ್ರೆ, ಮತ್ತೆ ಮಾಡಿ ನೋಡೋದ್ಯಾಕೆ ಮೇಡಂ?"

ಎಷ್ಟು ಮಾತು ನೋಡಿ. ಸಿಟ್ಟಿನಲ್ಲಿ ಏನೋ ಅಂದೆ. ಲ್ಯಾಬ್ ಮುಚ್ಚಿದರೆ ತಾನು ಬರಲಾಗುವುದಿಲ್ಲ, ಒಲೆ ಬಿಟ್ಟರೆ ಮನೆ ನಡೆಯುವುದಿಲ್ಲ, ಅದಕ್ಕೆ ಕೇಳುತ್ತಿರುವುದಲ್ಲ, ಒಂದೇ ಒಂದು ಸಲ ನಮ್ಮ ಪಕ್ಕ ನಿಂತು ನೋಡಿ ಎಂದಳು. ಆಮೇಲೆ ಎಂದಿನ ಹಾಗೆ ನನ್ನ ಚೀಲದ ಜಿಪ್ ಎಳೆದು ಕೊಟ್ಟು ಹೋದಳು. ಅದೇ ಕಿರಿಕಿರಿಯಾಯಿತು. ಬೈಸಿಕೊಂಡವಳು ಜಿಪ್ ಎಳೆಯಬಾರದು.

ಮತ್ತೆ ಮಾಡಿ ನೋಡೋದ್ಯಾಕೆ. ಎಷ್ಟು ಮಾತು.

ಸೆಪ್ಟೆಂಬರ್ 3, ಬುಧವಾರ

ನಿಂತು ನೋಡಿದೆ. ಉಳಿದಿದ್ದ ದ್ರಾವಣದಲ್ಲಿ ಬೇಕರಿ, ಅವಳ ಇಬ್ಬರು ಜೊತೆಗಾರರು, ಪಕ್ಕದಲ್ಲಿ ನಾನು. ನಲ್ಲಿ ತಿರುಗಿಸುವ ಕೈ ಎಷ್ಟು ನಯ ಎಂದರೆ, ಕೊನೆಯ ಹನಿಯನ್ನು ಅರ್ಧ ಮಾಡಿ ಬಿಟ್ಟಳು. ನಾನು ಬಾಯಲ್ಲಿ ಹೇಳಿಕೊಟ್ಟಿದ್ದು ಅಷ್ಟೂ ಆ ಕೈಯಲ್ಲಿತ್ತು. ತಿಳಿಗುಲಾಬಿ ಬಂದು ನಿಂತಿತು.

"ಮೇಡಂ, ನೀವೂ ಓದಿ. ಮಾತಾಡಬಾರದು, ಬರ್ಕೊಬೇಕು" ಎಂದಳು ಅಟೆಂಡರಮ್ಮ. ಅವಳ ಉಪಾಯ, ಅವಳ ಕಾನೂನು. ನನ್ನ ಬಲ ಅಂಗೈ ಪ್ಲಾಸ್ಟರಿನೊಳಗೆ, ಎಡಗೈಯಲ್ಲಿ ಪೆನ್ನು. ಕೊನೆಗೆ ಪ್ಲಾಸ್ಟರಿನ ಮೇಲೆಯೇ ಬರೆದೆ. "ಹೂಂ" ಎಂದಾಗ ಮೂರು ಅಂಗೈ, ಒಂದು ಪ್ಲಾಸ್ಟರ್. 22.1, 22.1, 22.1, 22.1.

ಯಾರೂ ನಗಲಿಲ್ಲ, ಗೆದ್ದೆವು ಎಂದೂ ಅನ್ನಲಿಲ್ಲ. ನನ್ನ ಮುಖ ನೋಡಿ ಅಟೆಂಡರಮ್ಮ ಟೀ ತಂದುಕೊಟ್ಟಳು.

ಇವರು ಕಾಪಿ ಹೊಡೆದಿಲ್ಲ, ಅಷ್ಟು ನಿಜ. ಬೆಂಚಿನ ಮೇಲೆ ಬಿಸಿಲಿಗೆ ಏನೋ ಕೆಟ್ಟಿರಬೇಕು, ಅಥವಾ ಬ್ಯುರೆಟ್ಟಿನ ಗೆರೆಯೇ ಸರಿಯಿಲ್ಲವೋ ಏನೋ. ಅಲ್ಲಿ ನಲವತ್ತು ಜನರಿಗೆ 24.6 ಬಂದ ಮೇಲೆ ದ್ರಾವಣದಲ್ಲಿ ದೋಷ ಇರಲಾರದು. ಮನೆಗೆ ಬಂದು ಅಕ್ಕನಿಗೆ ಹೀಗೇ ಹೇಳಿದೆ. "ಬಿಸಿಲು, ಬ್ಯುರೆಟ್ಟು. ನೆಲ ಡೊಂಕು ಅನ್ನು" ಎಂದು ಅವಳು ಒಳಗೆ ಹೋದಳು.

ಸೆಪ್ಟೆಂಬರ್ 5, ಶುಕ್ರವಾರ

ಗೋಡೌನಿನ ಹನ್ನೊಂದೂ ಬ್ಯುರೆಟ್‌ಗಳನ್ನು ನೀರು ತೂಗಿ ಪರೀಕ್ಷಿಸಿದೆವು. ತೂಗಿದ್ದು ಅವರು, ಲೆಕ್ಕ ಹಾಕಿದ್ದು ನಾನು. ಹನ್ನೊಂದೂ ಸರಿಯಾಗಿವೆ. ಕರಡು ಮುಟ್ಟಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಬಸ್ಸಿನಲ್ಲಿ ನಿಂತು ಬರುವಾಗ ತಲೆ ಸುತ್ತಿತು. ಗೋಡೌನಿನ ನಮ್ಮ ಹುಡುಗರಲ್ಲಿ ಒಬ್ಬ ಎದ್ದು ಸೀಟು ಕೊಟ್ಟ, ಇನ್ನೊಬ್ಬ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿಕೊಟ್ಟ. ಬೇಕರಿ ಬೆಳಿಗ್ಗೆಯ ಬನ್ನು ಒಂದು ಉಳಿಸಿದ್ದಳು. ಅರ್ಧ ನಾನು ತಿಂದೆ, ಅರ್ಧ ಅಕ್ಕನಿಗೆ ತಂದೆ. ಅವಳು ಪುಡಿಯನ್ನೂ ಬಿಡದೆ ತಿಂದಳು, ಅಷ್ಟು ಚೆನ್ನಾಗಿತ್ತು.

ಸೆಪ್ಟೆಂಬರ್ 12, ಶುಕ್ರವಾರ

ಕೈ ನಡುಗುತ್ತಿದೆ, ಆದರೂ ಬಲಗೈಯಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಪ್ಲಾಸ್ಟರ್ ಕತ್ತರಿಸಿದರು. ಡಾಕ್ಟರು ಅದರ ಮೇಲಿನ 22.1 ನೋಡಿ, ಜ್ವರವಾ ತೂಕವಾ ಎಂದು ಕೇಳಿದರು. ಎರಡೂ ಅಲ್ಲ ಎಂದೆ. ಒಳಗಿನ ಕೈ ಬಿಳಿಚಿ ಸೊರಗಿತ್ತು, ಯಾರದೋ ಕೈ ಎನ್ನಿಸಿತು. ಅಲ್ಲಿಂದ ನೇರ ದೊಡ್ಡ ಕ್ಯಾಂಪಸ್ಸಿನ ಲ್ಯಾಬಿಗೆ ಹೋದೆ. ಗೋಡೌನಿನಿಂದ ವಾಪಸ್ ಬಂದಿದ್ದ ಕ್ಯಾನಿನಲ್ಲಿ ಸ್ವಲ್ಪ ದ್ರಾವಣ ಮಿಕ್ಕಿತ್ತು. ನನ್ನ ಕೈಯಿಂದ, ನನ್ನ ಬ್ಯುರೆಟ್‌ನಲ್ಲಿ, ಒಂದೇ ಸಲ ಮಾಡಿ ನೋಡಿದರೆ ಮನಸ್ಸಿಗೆ ಸಮಾಧಾನ ಎಂದುಕೊಂಡೆ.

ಬೀರು ತೆರೆದು ಕೋಟು ತೆಗೆದೆ. ಆರು ವಾರದ ಮೇಲೆ ಬಲ ತೋಳಿನೊಳಗೆ ಬಲಗೈ ತೂರಿತು. ಸಂತೋಷಕ್ಕೆ ಹಾಗೇ ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡೆ. ಬಲ ಜೇಬಿನಲ್ಲಿ ಕಾಗದ ತಾಗಿತು.

ಪೊಟ್ಟಣ. ಎಡಗೈಯಲ್ಲಿ ವಕ್ರವಕ್ರವಾಗಿ ಮಡಚಿದ ನನ್ನದೇ ಪೊಟ್ಟಣ. ಒಳಗೆ ಹರಳು ಇದ್ದ ಹಾಗೇ ಇತ್ತು. ತಕ್ಕಡಿಗೆ ಇಟ್ಟೆ: 6.3. ಎಡ ಜೇಬಿನಲ್ಲಿ ಒಂಬತ್ತು ಹಿಡಿಸಿರಬೇಕು. ಹತ್ತನೆಯದನ್ನು ಎಡಗೈ ಚಾಚಿ ಬಲ ಜೇಬಿಗೆ ಹಾಕಿ, ಫೋನಿನ ಮಾತಿನಲ್ಲಿ ಮರೆತಿದ್ದೇನೆ. ಹತ್ತರಲ್ಲಿ ಒಂದು ಪಾಲು ಕಡಿಮೆ. 24.6ರಲ್ಲಿ ಹತ್ತನೇ ಒಂದು ಪಾಲು ಕಳೆದರೆ ಎಷ್ಟು ಎಂದು ಹೇಳಲು ಲೆಕ್ಕವೇ ಬೇಡ. ಆದರೂ ಸೊರಗಿದ ಕೈಯಲ್ಲೇ ಮಾಡಿ ನೋಡಿದೆ. 22.2.

ಮೂವತ್ತನಾಲ್ಕು ಜನ ಸರಿಯಾಗಿ ಹೇಳಿದ್ದರು. ನಾನು ಅವರ ಅನ್ನ ಕಿತ್ತುಕೊಳ್ಳುವ ಮೂರು ಪುಟ ಬರೆದಿಟ್ಟಿದ್ದೆ.

ಅಕ್ಕನಿಗೆ ಹೇಳಿದಾಗ ಅವಳು ಬೈಯಲಿಲ್ಲ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದು ನನ್ನ ಸೊರಗಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದಳು. ನನಗೆ ಅಳು ಬಂತು. ಕೈ ನೋವಿಗೆ ಎಂದುಕೊಂಡಿರಬೇಕು, ಇನ್ನೂ ಮೆಲ್ಲಗೆ ತಿಕ್ಕಿದಳು.

ಸೆಪ್ಟೆಂಬರ್ 13, ಶನಿವಾರ

ಒಂದು ಪ್ರಶ್ನೆ ಉಳಿಯಿತು. ದ್ರಾವಣ 22.1ರದ್ದಾದರೆ ಇಲ್ಲಿನ ನಲವತ್ತು ಜನರಿಗೆ 24.6 ಬಂದಿದ್ದು ಎಲ್ಲಿಂದ?

ಅವರ ಉತ್ತರ ಪತ್ರಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ, ನನಗೆ ಕಿಟಕಿ ಬೇಕಾಯಿತು. ಕೋಷ್ಟಕವನ್ನು ಪೆನ್ಸಿಲಿನಲ್ಲಿ ಬರೆಯಬೇಕು ಎನ್ನುವುದು ನನ್ನದೇ ನಿಯಮ. ಮೂವತ್ತೇಳು ಪತ್ರಿಕೆಗಳಲ್ಲಿ 24.6ರ ಕೆಳಗೆ ರಬ್ಬರ್ ಉಜ್ಜಿದ ಗುರುತು. ಕಾಗದ ಓರೆ ಮಾಡಿದರೆ ಹಳೆಯ ಅಂಕಿ ಕಾಣುತ್ತದೆ. 22.1. 22.0. 22.1. 22.2. ಒಬ್ಬಳು ಕಾಗದ ಹರಿಯುವಷ್ಟು ಉಜ್ಜಿದ್ದಾಳೆ. ಉಳಿದ ಮೂವರು ಮನಸ್ಸಿನಲ್ಲೇ ಅಳಿಸಿ ಬರೆದಿರಬೇಕು.

ಪದಕನನ್ನು ಕರೆಸಿದೆ. ಬೈಯಬೇಕೆಂದೇ ಇದ್ದೆ. ಪತ್ರಿಕೆ ಮುಂದಿಟ್ಟಾಗ ಅವನ ಕಣ್ಣು ತುಂಬಿತು. ಪ್ರತಿ ವರ್ಷ 24.6 ಎಂದು ಸೀನಿಯರ್‌ಗಳ ಪುಸ್ತಕದಲ್ಲೇ ಇದೆಯಂತೆ. ತನಗೆ ಐದು ಸಲವೂ 22.1 ಬಂತಂತೆ.

"ನನ್ನೊಬ್ಬನಿಗೇ ತಪ್ಪು ಬರ್ತಿದೆ ಅಂದುಕೊಂಡೆ ಮೇಡಂ. ಪಕ್ಕದಲ್ಲಿ ಹಲಗೆ, ಯಾರನ್ನೂ ಕೇಳೋ ಹಾಗಿಲ್ಲ. ಉತ್ತರ ಬರೋವರೆಗೂ ಬೆಂಚು ಬಿಟ್ಟು ಏಳಬಾರದು ಅಂತ ನೀವೇ ತಾನೇ ಹೇಳ್ತಿದ್ದಿದ್ದು."

ಹೇಳುತ್ತಿದ್ದೆ. ಹನ್ನೊಂದು ವರ್ಷ ಹೇಳಿದ್ದೇನೆ, ನನ್ನ ಗುರುಗಳು ನನಗೆ ಹೇಳಿದ ಹಾಗೆಯೇ. ಅವನು ಹೋದ ಮೇಲೆ ಖಾಲಿ ಲ್ಯಾಬಿನಲ್ಲಿ ಆ ಹಲಗೆಗಳ ನಡುವೆ ನಡೆದೆ. ನಲವತ್ತು ಜನ, ನಲವತ್ತು ಗೂಡು. ಪ್ರತಿಯೊಬ್ಬರೂ ತಾವೊಬ್ಬರೇ ತಪ್ಪಿದೆವೆಂದು ಹೆದರಿ, ಸರಿಯಾದ ಅಂಕಿಯನ್ನು ಅಳಿಸಿದ್ದಾರೆ. ಪಾಪದ ಮಕ್ಕಳು. ಅಲ್ಲಿ ಬ್ಯುರೆಟ್ ಸಾಲದೆ ಮೂವರು ಒಟ್ಟಿಗೆ ನಿಂತರು, ಅದೇ ಅವರನ್ನು ಕಾಪಾಡಿತು.

ಸೆಪ್ಟೆಂಬರ್ 15, ಸೋಮವಾರ

ಗೋಡೌನಿಗೆ ಹೋಗಿ ಎಲ್ಲರ ಮುಂದೆ ಪೊಟ್ಟಣ ತೋರಿಸಿದೆ. ತಪ್ಪು ನನ್ನದು, ನಿಮ್ಮ ಮೇಲೆ ಅನುಮಾನಪಟ್ಟಿದ್ದು ಇನ್ನೂ ದೊಡ್ಡ ತಪ್ಪು, ಕ್ಷಮಿಸಿ ಎಂದೆ. ಬಸ್ಸಿನಲ್ಲಿ ಉರುಹೊಡೆದುಕೊಂಡು ಬಂದ ನಾಲ್ಕು ಮಾತುಗಳಲ್ಲಿ ಎರಡು ಮರೆತುಹೋದವು.

ಆಮೇಲೆ ಹಿಂದಿನಿಂದ ಒಬ್ಬ, "ಹಾಗಾದ್ರೆ ನಾವು ಪಾಸಾ ಮೇಡಂ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೇಕರಿ ಮಾತ್ರ ಎದ್ದು ಬಂದು ಪ್ಲಾಸ್ಟರಿಲ್ಲದ ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ಒಲೆಯ ಹತ್ತಿರ ಕೆಲಸ ಮಾಡುವವಳ ಕೈ, ಎಷ್ಟು ಬೆಚ್ಚಗಿತ್ತು. "ದಿನಾ ಹಿಟ್ಟು ನಾದಿ ಮೇಡಂ, ಶಕ್ತಿ ಬರುತ್ತೆ" ಅಂದಳು. ಅಷ್ಟೇ ಅವಳು ಅಂದಿದ್ದು. ಇವರ ಋಣ ನಾನು ಹೇಗೆ ತೀರಿಸಲಿ?

ಸೆಪ್ಟೆಂಬರ್ 17, ಬುಧವಾರ

ಕರಡು ಹರಿದು ಹಾಕಿ ಹೊಸದಾಗಿ ಬರೆದಿದ್ದೇನೆ. ಪೊಟ್ಟಣದ ವಿಷಯ, ರಬ್ಬರಿನ ವಿಷಯ, ಎಲ್ಲ. ಓದಿ ಮುಖ್ಯಸ್ಥರು ಟೀ ತರಿಸಿದರು.

ಅವರು ಕೆಟ್ಟವರಲ್ಲ. ನನ್ನ ಒಳಿತಿಗೇ ಹೇಳಿದರು. "ದ್ರಾವಣದಲ್ಲಿ ದೋಷ, ಪರೀಕ್ಷೆ ರದ್ದು ಅಂತ ಒಂದು ಸಾಲು ಬರೀರಿ. ನಿಮ್ಮ ಹೆಸರೂ ಉಳಿಯುತ್ತೆ, ನಮ್ಮ ಹುಡುಗರ ಮರ್ಯಾದೆಯೂ ಉಳಿಯುತ್ತೆ. ಸಮಿತಿ ಪ್ರವೇಶದ ಅಂಕ ನೋಡಿ ತೀರ್ಮಾನ ಮಾಡ್ಕೊಳ್ಳಲಿ."

ಪ್ರವೇಶದ ಅಂಕ ನೋಡಿದರೆ ಗೋಡೌನು ಮುಚ್ಚಿದಂತೆಯೇ. ಅಲ್ಲಿಗೆ ಸೇರುವವರು ಬೇರೆಲ್ಲೂ ಸೀಟು ಸಿಗದವರು. ಒಂದು ಸಾಲು ಬರೆದರೆ ಸಾಕು, ಹನ್ನೊಂದು ವರ್ಷದ ಹೆಸರಿಗೆ ಮಸಿ ಹತ್ತುವುದಿಲ್ಲ. ಹೂಂ ಅನ್ನಬೇಕೆಂದು ಬಾಯವರೆಗೂ ಬಂತು, ಸುಳ್ಳು ಯಾಕೆ ಹೇಳಲಿ. ಟೀ ಕುಡಿದೆ. ಆ ಸಾಲು ಬರೆದರೆ ನನ್ನದೂ ರಬ್ಬರೇ ಆಯಿತಲ್ಲ ಸಾರ್ ಎಂದೆ. ಅವರು ವರದಿಯ ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ, ಸಮಿತಿಯ ಮುಂದೆ ನೀವೇ ಓದಿ, ತಡೆಯುವುದಿಲ್ಲ ಎಂದರು. ಅಷ್ಟಕ್ಕೆ ನಾನು ಅವರಿಗೂ ಋಣಿ.

ಸೆಪ್ಟೆಂಬರ್ 22, ಸೋಮವಾರ

ಸಮಿತಿ. ಉದ್ದನೆಯ ಮೇಜು, ಏಳು ಜನ. ವರದಿಯನ್ನು ಮೊದಲಿಂದ ಕೊನೆಯವರೆಗೂ ಓದಿದೆ. ಪೊಟ್ಟಣವನ್ನೂ ಪತ್ರಿಕೆಗಳನ್ನೂ ಮೇಜಿನ ಮೇಲಿಟ್ಟೆ. ಒಬ್ಬರು ಕಾಗದವನ್ನು ಬೆಳಕಿಗೆ ಹಿಡಿದರು, ಪಕ್ಕದವರಿಗೆ ದಾಟಿಸಿದರು. ಅದು ಏಳೂ ಜನರ ಕೈ ಸುತ್ತಿ ಬಂತು.

ಅಧ್ಯಕ್ಷರ ಕುರ್ಚಿಯಲ್ಲಿದ್ದ ವಯಸ್ಸಾದ ಹೆಂಗಸು ಕನ್ನಡಕ ತೆಗೆದು, "ಅದೆಲ್ಲ ಸರಿ. ಎರಡು ಕ್ಯಾಂಪಸ್ಸಿನಲ್ಲಿ ಯಾವ ಕಡೆ ಮಕ್ಕಳು ಒಳ್ಳೆಯವರು, ಅದನ್ನ ಹೇಳಿ" ಎಂದರು.

"ಬ್ಯುರೆಟ್‌ನಲ್ಲಿ ಇಬ್ಬರಿಗೂ ಕಂಡಿದ್ದು ಒಂದೇ ಅಂಕಿ. ಕೈ ಇಬ್ಬರದೂ ಒಂದೇ. ಅಲ್ಲಿನವರು ಕಂಡಿದ್ದನ್ನ ಬರೆದ್ರು. ಇಲ್ಲಿನವರಿಗೆ ಕಂಡಿದ್ದನ್ನ ಅಳಿಸೋದು ನಾನು ಕಲಿಸಿದ್ದೆ. ಏನಾದ್ರೂ ತೆಗೆಯೋದಾದ್ರೆ ಇಲ್ಲಿನ ಹಲಗೆ ತೆಗೆಸಿ, ಅಲ್ಲಿನ ಲ್ಯಾಬ್ ಮುಚ್ಚಬೇಡಿ."

ಹೊರಗೆ ಅರ್ಧ ಗಂಟೆ ಕಾಯಿಸಿದರು. ಗೋಡೌನಿನ ಲ್ಯಾಬ್ ಮುಚ್ಚುವುದಿಲ್ಲ. ಇನ್ನು ಮುಂದೆ ಪ್ರತಿ ಪರೀಕ್ಷೆಗೂ ದ್ರಾವಣದ ಅಳತೆ ಬದಲಾಗಬೇಕು. ತಿಂಗಳಿಗೊಮ್ಮೆ ಇಲ್ಲಿನವರು ಅಲ್ಲಿಗೆ ಹೋಗಿ ಅವರೊಂದಿಗೆ ಪ್ರಯೋಗ ಮಾಡಬೇಕು. ನನಗೆ ಒಂದು ಎಚ್ಚರಿಕೆ ಪತ್ರ ಬರುತ್ತದಂತೆ. ಬರಲಿ, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಅಟೆಂಡರಮ್ಮನಿಗೆ ಫೋನ್ ಮಾಡಿದೆ. ಅವಳು ಫೋನನ್ನು ಮೇಲೆತ್ತಿ ಹಿಡಿದಳು. ಗೋಡೌನಿನ ಗದ್ದಲ ಕೇಳಿತು. ಅಷ್ಟು ಎತ್ತರದ ಚಾವಣಿಗೆ ಬಡಿದು ಬರುವ ಗದ್ದಲ.

ಸೆಪ್ಟೆಂಬರ್ 24, ಬುಧವಾರ

ನೀವಿನ್ನು ವಾಪಸ್ ಬರಬಹುದು ಎಂದು ಮುಖ್ಯಸ್ಥರು ಹೇಳಿದರು. ವರ್ಷ ಮುಗಿಯುವ ತನಕ ಅಲ್ಲೇ ಇರುತ್ತೇನೆ ಎಂದೆ. ಬಸ್ಸು ಅಭ್ಯಾಸವಾಗಿದೆ. ಅಕ್ಕ ಸ್ಟೂಲು ಹತ್ತಿ ಗಡಿಯಾರಕ್ಕೆ ಸೆಲ್ ಹಾಕಿದಳು, ಕೆಳಗೆ ಸ್ಟೂಲು ಹಿಡಿದುಕೊಂಡಿದ್ದು ನಾನು. ಮೊದಲೇ ಹೀಗೆ ಮಾಡಿದ್ದರೆ ಕೈ ಮುರಿಯುತ್ತಿರಲಿಲ್ಲ, ಗೋಡೌನನ್ನೂ ನೋಡುತ್ತಿರಲಿಲ್ಲ.

ಅಕ್ಟೋಬರ್ 6, ಸೋಮವಾರ

ಇವತ್ತು ದೊಡ್ಡ ಕ್ಯಾಂಪಸ್ಸಿನ ಮಕ್ಕಳೆಲ್ಲ ತಮ್ಮ ಬ್ಯುರೆಟ್ಟುಗಳನ್ನೂ ಹಿಡಿದುಕೊಂಡು ಬಸ್ಸಿನಲ್ಲಿ ಗೋಡೌನಿಗೆ ಬಂದರು. ಅಗಲ ಬಾಗಿಲಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು, ಮೊದಲ ದಿನ ನಾನು ನಿಂತಿದ್ದ ಹಾಗೆ. ಅಟೆಂಡರಮ್ಮ ಎಲ್ಲರನ್ನೂ ಬೆರೆಸಿ ಬೆಂಚುಗಳಿಗೆ ಹಂಚಿದಳು. ಹೊಸ ದ್ರಾವಣ. ತೂಗಿದ್ದು ಅವಳೇ. ಉತ್ತರ ಎಷ್ಟು ಎಂದು ನನಗೂ ಹೇಳಿಲ್ಲ.

ಬೇಕರಿ ಮತ್ತು ಪದಕ ಒಂದೇ ಬ್ಯುರೆಟ್‌ಗೆ ಬಂದರು. ಮೂರನೆಯವಳಾಗಿ ನನ್ನನ್ನು ನಿಲ್ಲಿಸಿಕೊಂಡರು. ನಲ್ಲಿ ತಿರುಗಿಸಿದ್ದು ನಾನು. ಪದಕ ಓದಿ, ಅಂಗೈ ಮೇಲೆ ಬರೆಯುವ ಮುಂಚೆ ನನ್ನ ಮುಖ ನೋಡಿದ. ಬೇಕರಿ ಅವನ ಮೊಣಕೈ ತಿವಿದು, "ಬ್ಯುರೆಟ್ ನೋಡು, ಮೇಡಂ ಮುಖದಲ್ಲಿ ಗೆರೆ ಇಲ್ಲ" ಅಂದಳು. ಅವನು ನಕ್ಕು ಬರೆದುಕೊಂಡ. "ಹೂಂ" ಎಂದಾಗ ಮೂವರೂ ಕೈ ತೆರೆದೆವು.

ಬೇಕರಿ 19.3. ಪದಕ 19.3. ನಾನು 19.1.

ಇಬ್ಬರೂ ನನ್ನ ಅಂಗೈ ನೋಡಿದರು. ಎರಡೂ ಕ್ಯಾಂಪಸ್ಸಿನ ಜಾಣರು, ಮೇಡಂಗೆ ತಪ್ಪು ಎಂದು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದರು. ನಾನು ಮತ್ತೆ ಬಗ್ಗಿ ಓದಿದೆ. ಅವರದೇ ಸರಿ. ನಾನು ಮೇಲಿನಿಂದ ಕೆಳಗೆ ನೋಡಿದ್ದೆ, ಕಣ್ಣು ಗೆರೆಯ ಮಟ್ಟಕ್ಕೆ ಇರಲಿಲ್ಲ.

"ನಾನು ಓದಿದ್ದು ತಪ್ಪು. ಆದ್ರೂ ಬರ್ಕೊಳ್ಳಿ, ಬಂದಿದ್ದು ಬಂದ ಹಾಗೆ" ಎಂದೆ.

ಪದಕ ಬರೆದ: 19.3, 19.3, 19.1. ಪೆನ್ನಿನಲ್ಲಿ. ಬರೆದು ನನ್ನ ಅಂಕಿಯ ಪಕ್ಕ ಸಣ್ಣದಾಗಿ "ಮೇಡಂ" ಎಂದು ಸೇರಿಸಿ, ಮತ್ತೆ ಮೊದಲಿಂದ ಮಾಡೋಣ ಎಂದು ಬ್ಯುರೆಟ್ ತುಂಬಿಸಿದ.